ಅವಳು ಓದದ ಕೊನೆಯ ಅಧ್ಯಾಯ

"ನಿಲ್ಲಿಸಿ!"

ಹೆಡ್‌ಫೋನಿನೊಳಗಿಂದ ಬಂದ ಆ ಗಂಡು ದನಿಗೆ ಅವಳು ಬೆಚ್ಚಿಬಿದ್ದಳು. ಗಾಜಿನ ಆಚೆಯ ಮಬ್ಬು ಬೆಳಕಿನಲ್ಲಿ ಕುಳಿತಿದ್ದವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು.

"ಏನಾಯ್ತು? ತಪ್ಪು ಓದಿದ್ನಾ?"

"ಇಲ್ಲ. ಒಂದಕ್ಷರವೂ ತಪ್ಪಿಲ್ಲ."

"ಮತ್ಯಾಕೆ ನಿಲ್ಲಿಸಿದ್ರಿ?"

"‘ಅವನಂಥ ಗೆಳೆಯ ನನಗೆ ಇನ್ನೊಬ್ಬ ಸಿಗಲಾರ’ ಅಂತ ಓದಿದ್ರಲ್ಲ… ಆ ಮಾತನ್ನ ನೀವು ನಂಬಿಲ್ಲ. ಕೇಳಿದ್ರೇ ಗೊತ್ತಾಗುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಸ್ಟುಡಿಯೋಕ್ಕೆ ಕಾಲಿಟ್ಟು ಇನ್ನೂ ಅರ್ಧ ಗಂಟೆಯೂ ಆಗಿಲ್ಲ. ನನ್ನೊಳಗೆ ಇಣುಕಿ ನೋಡೋಕೆ ಇವನ್ಯಾರು?

"ಓದೋದಷ್ಟೇ ನನ್ನ ಕೆಲಸ. ನಂಬೋದೂ ಬೇಕಿದ್ರೆ ಮೊದಲೇ ಹೇಳಬೇಕಿತ್ತು!"

ಗಾಜಿನ ಆಚೆ ಒಂದು ನಗು ಮಿಂಚಿ ಮಾಯವಾಯಿತು. "ಸೈಲೆನ್ಸ್!" ಎಂದ ಅವನು.

ಅವಳು ಅದೇ ಸಾಲನ್ನು ಮತ್ತೆ ಓದಿದಳು. ಸಿಟ್ಟಿಗೆ ದನಿ ಕೊಂಚ ನಡುಗಿತು.

"ಈಗ ಸರಿ," ಎಂದ.

ಹೇಗೆ ಸರಿಯಾಯಿತೋ ಅವಳಿಗಂತೂ ಅರ್ಥವಾಗಲಿಲ್ಲ.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಸ್ಟುಡಿಯೋದಲ್ಲಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುತ್ತಿದ್ದರು. ಇಬ್ಬರು ಗೆಳೆಯರು ಕೂಡಿ ಕಟ್ಟಿದ ಸ್ಟುಡಿಯೋ ಅದು. ಒಬ್ಬ ವ್ಯವಹಾರ ನೋಡಿಕೊಳ್ಳುತ್ತಿದ್ದ. ಅವನನ್ನು ಎಲ್ಲರೂ ಬಾಸ್ ಎನ್ನುತ್ತಿದ್ದರು. ಇನ್ನೊಬ್ಬ ಗಾಜಿನ ಹಿಂದೆ ಕೂರುವ ರೆಕಾರ್ಡಿಸ್ಟ್. ಪ್ರತಿ ಸಲ ಯಂತ್ರ ಚಾಲೂ ಮಾಡುವ ಮುಂಚೆ "ಸೈಲೆನ್ಸ್!" ಎನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರು ಅಂಟಿಕೊಂಡಿತ್ತು. ಸೈಲೆನ್ಸ್ ಸರ್!

ಅಂದು ಸಂಜೆ ಹೊರಡುವಾಗ ಸೈಲೆನ್ಸ್ ಅವಳ ಕೈಗೆ ಇನ್ನೊಂದು ಹಾಳೆ ಕೊಟ್ಟ. ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು. ಗೋಡೆ, ಞ, ಹದಿನೇಳು, ಅಯ್ಯೋ, ದಯವಿಟ್ಟು, ನಾಳೆ…

"ಇದ್ಯಾಕೆ?"

"ಮೈಕ್ ಟೆಸ್ಟ್‌ಗೆ." ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಅವಳು ಓದಿದಳೇನೋ ನಿಜ. ಆದರೆ ಮೆಟ್ಟಿಲಿಳಿಯುವಾಗ ಎದೆಯೊಳಗೊಂದು ಮುಳ್ಳು ಚುಚ್ಚಿತು. ಮೈಕ್ ಟೆಸ್ಟ್‌ಗೆ ಒಂದು, ಎರಡು, ಮೂರು ಎಂದರೆ ಸಾಲದೇ?

"ಬಲೆ ಬೀಸಿದ್ದಾರೆ ಕಣೇ ನಿನಗೆ!" ಎಂದಳು ಅಕ್ಕ, ಕಥೆ ಕೇಳಿದ ಕೂಡಲೇ.

ಅಕ್ಕನಿಗೆ ಹಾಗೆ ಹೇಳುವ ಹಕ್ಕಿತ್ತು. ಒಂದು ಕಾಲದಲ್ಲಿ ಅವಳೂ ಧ್ವನಿ ಕಲಾವಿದೆಯೇ. ಮಕ್ಕಳ ಕಾರ್ಟೂನಿಗೆ ಅಳಿಲಾಗಿ, ಅಜ್ಜಿಯಾಗಿ, ದೆವ್ವವಾಗಿ ಮಾತಾಡಿದವಳು. ಒಂದು ದಿನ ಬ್ಯಾಂಕಿಗೆ ಫೋನ್ ಮಾಡಿದರೆ ಆ ಕಡೆಯಿಂದ ಅವಳದೇ ದನಿ! ಆ ಬ್ಯಾಂಕಿಗಾಗಿ ಅವಳು ಒಂದು ಸಾಲನ್ನೂ ಓದಿರಲಿಲ್ಲ. ಯಾರೋ ಅವಳ ಹಳೆಯ ರೆಕಾರ್ಡಿಂಗುಗಳನ್ನು ಯಂತ್ರಕ್ಕೆ ತಿನ್ನಿಸಿ ಅವಳ ದನಿಯನ್ನೇ ತಯಾರಿಸಿಬಿಟ್ಟಿದ್ದರು. ಆಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

"ನನ್ನ ದನಿ ನನಗೇ ‘ದಯವಿಟ್ಟು ಕಾಯಿರಿ’ ಅಂತು ಕಣೇ! ಇವತ್ತಿಗೂ ಕಾಯ್ತಾನೇ ಇದ್ದೀನಿ," ಎಂದು ಅಕ್ಕ ನಗುತ್ತಿದ್ದಳು. ಆ ನಗು ತಂಗಿಯ ಕರುಳು ಹಿಂಡುತ್ತಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ. ಆ ಸೈಲೆನ್ಸ್ ಮೇಲೆ ಒಂದು ಕಣ್ಣಿಟ್ಟಿರು."

ಅವಳು ಒಂದಲ್ಲ, ಎರಡೂ ಕಣ್ಣಿಟ್ಟಳು.

ಓದಬೇಕಿದ್ದ ಕಾದಂಬರಿ ದಪ್ಪನೆಯದು. ಒಂದೇ ಬೀದಿಯಲ್ಲಿ ಬೆಳೆದ ಇಬ್ಬರು ಗೆಳೆಯರ ಕಥೆ. ಔಷಧಿ ಸಿಗದೆ ತೀರಿಕೊಂಡ, ಅವರಲ್ಲೊಬ್ಬನ ಪುಟ್ಟ ತಂಗಿಯ ದೇಹದ ಮುಂದೆ ನಿಂತು ಇಬ್ಬರೂ ಮಾತು ಕೊಡುತ್ತಾರೆ: ಡಾಕ್ಟರಾಗೋಣ, ಇದೇ ಬೀದಿಯಲ್ಲಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡೋಣ. ಒಂದೇ ಪುಸ್ತಕವನ್ನು ಇಬ್ಬರೂ ಹಂಚಿಕೊಂಡು ಓದುತ್ತಾರೆ, ಡಾಕ್ಟರೂ ಆಗುತ್ತಾರೆ. ಆಮೇಲೆ ಒಂದು ಬೆಳಿಗ್ಗೆ, ಸಿರಿವಂತರ ಆಸ್ಪತ್ರೆಯೊಂದರ ಸಂದರ್ಶನಕ್ಕೆ ಒಬ್ಬ ಬಸ್ಸು ಹತ್ತಿ ಹೋಗುತ್ತಾನೆ. ಇನ್ನೊಬ್ಬ ಹತ್ತದೆ ಬೀದಿಗೆ ಮರಳುತ್ತಾನೆ. ಹೋದವನು ಶ್ರೀಮಂತನಾದ. ಉಳಿದವನು ಬೀದಿಯ ಪಾಲಿಗೆ ದೇವರಾದ. ಮೂವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಯಾವ ಪುಸ್ತಕವಾದರೂ ಸರಿ, ಕೊನೆಯ ಅಧ್ಯಾಯವನ್ನು ಅವಳು ಮೊದಲೇ ಓದಿಕೊಳ್ಳುತ್ತಿರಲಿಲ್ಲ. ಮೈಕಿನ ಮುಂದೆಯೇ ಮೊದಲ ಸಲ ಓದಬೇಕು. ಆಗಲೇ ದನಿಗೆ ಜೀವ ಬರುತ್ತದೆ ಎಂಬುದು ಅವಳ ನಂಬಿಕೆ.

"ಆ ಬಸ್ಸು ಹತ್ತಿದವನು ಶುದ್ಧ ದ್ರೋಹಿ," ಎಂದಳು ಒಂದು ದಿನ, ನೀರು ಕುಡಿಯುತ್ತ.

"ಹಾಗಂತೀರಾ?" ಎಂದ ಸೈಲೆನ್ಸ್. "ನನಗೆ ಅವನನ್ನ ಕಂಡ್ರೆ ಪಾಪ ಅನ್ಸುತ್ತೆ."

"ಪಾಪ? ಕೊಟ್ಟ ಮಾತು ಮುರಿದವನು!"

"ಎಲ್ಲರ ಬಾಳಲ್ಲೂ ಒಂದು ಬಸ್ಸು ಬಂದು ನಿಲ್ಲುತ್ತೆ ಮೇಡಂ. ಹತ್ತೋದು, ಬಿಡೋದು… ಅದು ಪೂರ್ತಿ ನಮ್ಮ ಕೈಲಿದೆ ಅಂತ ನಾನು ಅಂದ್ಕೊಂಡಿಲ್ಲ. ಅಷ್ಟು ವರ್ಷ ದೂರ ಇದ್ರೂ ಅವರು ಒಬ್ಬರನ್ನೊಬ್ಬರು ಮರೆತಿಲ್ಲ ನೋಡಿ. ಅವನು ದೊಡ್ಡ ಬಂಗಲೆಯಲ್ಲಿ ಮಲಗಿ ಹಳೇ ಬೀದಿಯ ಕೆಮ್ಮು ಕೇಳಿಸ್ಕೊಳ್ತಾನಲ್ಲ… ಆ ಪುಟ ಓದಿದಾಗ ನಿಮಗೇನೂ ಆಗಲಿಲ್ವಾ?"

ಆಗಿತ್ತು. ಆದರೆ ಅದನ್ನು ಇವನ ಮುಂದೆ ಒಪ್ಪಿಕೊಳ್ಳುವುದುಂಟೇ!

ದ್ರೋಹಿಯ ಪರ ಇಷ್ಟು ವಾದಿಸುವವನು ತಾನೂ ಅಂಥವನೇ ಇರಬೇಕಲ್ಲವೇ? ಮುಳ್ಳು ಇನ್ನಷ್ಟು ಆಳಕ್ಕಿಳಿಯಿತು.

ದಿನ ಕಳೆದಂತೆ ಅನುಮಾನಕ್ಕೆ ರೆಕ್ಕೆಪುಕ್ಕ ಬಂದವು. ಚೆನ್ನಾಗಿ ಓದಿದ ಪುಟಗಳನ್ನೂ ಅವನು ಮತ್ತೆ ಓದಿಸುತ್ತಿದ್ದ. "ಕುರ್ಚಿ ಕಿರ್ ಅಂತು." "ಹೊರಗೆ ಹಾರನ್ ಕೇಳಿಸ್ತು." ಅವಳಿಗೆ ಯಾವ ಹಾರನ್ನೂ ಕೇಳಿಸಿರಲಿಲ್ಲ. ಅವಳು ಒಳಗೆ ಬಂದರೆ ಬಾಸ್ ಮತ್ತು ಸೈಲೆನ್ಸ್ ತಟ್ಟನೆ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ಬಾಸ್ "ಅಷ್ಟು ಸಾಕಾಗುತ್ತೇನೋ?" ಎಂದದ್ದೂ, ಇವನು "ಆ ವಿಷಯ ಮುಗೀತು ಅಂದ್ನಲ್ಲ!" ಎಂದು ಗದರಿದ್ದೂ ಕಿವಿಗೆ ಬಿದ್ದಿತ್ತು.

ಏನು ಸಾಕಾಗುತ್ತೆ? ಯಾವ ವಿಷಯ ಮುಗೀತು?

ಕೇಳಬೇಕೆಂದು ಬಾಯಿ ತೆರೆದ ದಿನವೇ ಅವಳ ಹೊಟ್ಟೆ ಗುರ್ರ್ ಎಂದಿತು. ಆ ಮೈಕಿಗೆ ಇರುವೆ ನಡೆದರೂ ಕೇಳಿಸುತ್ತದೆ!

"ಮೇಡಂ," ಹೆಡ್‌ಫೋನಿನಲ್ಲಿ ಅವನ ದನಿ ಗಂಭೀರವಾಗಿ ಬಂತು, "ಈ ಪಾತ್ರ ಕಾದಂಬರಿಯಲ್ಲಿಲ್ಲ."

ಅವಳು ನಾಚಿ ಕೆಂಪಾದಳು. ಮರುಕ್ಷಣ ಇಬ್ಬರೂ ಗಾಜಿನ ಎರಡು ಬದಿಯಲ್ಲಿ ಬಿದ್ದು ಬಿದ್ದು ನಕ್ಕರು. ಅವನು ಕೆಳಗಿಳಿದು ಹೋಗಿ ಬಾಳೆಹಣ್ಣು, ಬನ್ನು ತಂದ. ತಿನ್ನುತ್ತ ಕುಳಿತಾಗ ಸ್ಟುಡಿಯೋ ಹುಟ್ಟಿದ ಕಥೆ ಹೇಳಿದ.

"ಕಾಲೇಜಲ್ಲಿ ನಮ್ಮ ಜೊತೆ ಕಣ್ಣು ಕಾಣದ ಹುಡುಗ ಒಬ್ಬ ಇದ್ದ. ಅವನಿಗೋಸ್ಕರ ನಾವಿಬ್ಬರೂ ಪಾಠ ಓದಿ ಟೇಪ್ ಮಾಡ್ತಿದ್ವಿ. ಹೊರಗಿನ ಸದ್ದು ಬರಬಾರದು ಅಂತ ಕಂಬಳಿ ಹೊದ್ಕೊಂಡು! ಬೆವರು ಸುರಿಯೋದು. ಪರೀಕ್ಷೆಯಲ್ಲಿ ಅವನು ಪಾಸಾದ, ನಾವಿಬ್ಬರೂ ಫೇಲ್. ಆಗ ಇವನು, ನಮ್ಮ ಬಾಸು, ಹೇಳಿದ: ‘ಫೇಲಾದ್ರೆ ಏನಂತೆ, ನಮ್ಮ ದಾರಿ ಸಿಕ್ತಲ್ಲೋ!’"

ಗೆಳೆಯನ ಹೆಸರೆತ್ತಿದಾಗ ಅವನ ಕಣ್ಣು ಹೊಳೆದ ಪರಿ… ಅವಳ ಎದೆಯಲ್ಲಿ ಏನೋ ಕರಗಿತು.

‘ಬೇಡ, ಬೇಡ! ಅಕ್ಕನಿಗೆ ಮೋಸ ಮಾಡಿದವರೂ ಹೀಗೇ ನಗುನಗುತ್ತಾ ಮಾತಾಡಿದ್ದರು…’

ಆದರೂ ಮರುದಿನ ಅವಳು ತನಗೆ ತುಂಬ ಒಪ್ಪುವ ನೀಲಿ ಕುರ್ತಾ ಹಾಕಿಕೊಂಡೇ ಬಂದಳು. ಅಕ್ಕ ಬಾಗಿಲಲ್ಲಿ ನಿಂತು ಹುಬ್ಬೇರಿಸಿದಳು.

"ಕಣ್ಣಿಡು ಅಂದೆ, ಮನಸ್ಸಿಡು ಅನ್ನಲಿಲ್ಲ!"

"ಹೋಗೇ ಅಕ್ಕಾ!"

ಕೊನೆಯ ಅಧ್ಯಾಯ ಓದಬೇಕಿದ್ದ ದಿನ ಅವಳು ಬೇಗ ಬಂದುಬಿಟ್ಟಳು. ರೆಕಾರ್ಡಿಂಗ್ ಕೋಣೆಯ ಬೀಗ ಇನ್ನೂ ತೆಗೆದಿರಲಿಲ್ಲ. ಬಾಸ್‌ನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಹೆಂಗಸು ಓದುತ್ತಿದ್ದಳು.

ಎಷ್ಟು ಚೆನ್ನಾಗಿ ಓದುತ್ತಿದ್ದಾಳೆ ಎಂದುಕೊಂಡು ಅವಳು ಅಲ್ಲೇ ನಿಂತಳು.

ಅದು ಅವಳದೇ ದನಿ!

"‘ಆ ದಿನ ನೀನು ಬಸ್ಸು ಹತ್ತದೆ ವಾಪಸಾದೆ. ನಿನ್ನ ಮುಂದೆ ನಾನು ಹುಳುವಾಗಿಬಿಟ್ಟೆ,’ ಎಂದರು ಶ್ರೀಮಂತ ಡಾಕ್ಟರು. ಬೀದಿಯ ಡಾಕ್ಟರು ಹೇಳಿದರು: ‘ನಾನೂ ಅಂದು ಅದೇ ಬಸ್ಸಿಗೆ ಹೊರಟಿದ್ದೆ ಕಣೋ. ದಾರಿಯಲ್ಲಿ ಚಪ್ಪಲಿ ಕಿತ್ತುಹೋಯ್ತು. ಹೊಲಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅಷ್ಟೇ.’"

ಕೊನೆಯ ಅಧ್ಯಾಯ! ಅವಳು ಇನ್ನೂ ಪುಟ ತಿರುವಿಯೂ ನೋಡದ ಅಧ್ಯಾಯ. ಅವಳ ಉಸಿರು, ಅವಳ ತಡೆ, ವಾಕ್ಯದ ಕೊನೆಗೆ ಕೊಂಚ ಕೆಳಗಿಳಿಯುವ ಅವಳ ರೂಢಿ… ಎಲ್ಲವನ್ನೂ ಕದ್ದ ಯಂತ್ರವೊಂದು ಅದನ್ನು ಓದಿ ಮುಗಿಸುತ್ತಿತ್ತು.

ಬಾಗಿಲು ತಳ್ಳಿದಳು. ಬಾಸ್ ಕುರ್ಚಿಯಿಂದ ಎದ್ದೇಬಿಟ್ಟ. ಅದೇ ಹೊತ್ತಿಗೆ ಮೆಟ್ಟಿಲೇರಿ ಬಂದ ಸೈಲೆನ್ಸ್ ಅವಳ ಬೆನ್ನ ಹಿಂದೆ ನಿಂತ. ಆ ದನಿ ಕೇಳಿ ಅವನ ಮುಖ ಬಿಳಿಚಿತು.

"ಇದಕ್ಕೇನಾ ಆ ಪದಗಳ ಹಾಳೆ?" ಅವಳು ಅವನತ್ತ ತಿರುಗಿದಳು. "ಇದಕ್ಕೇನಾ ಓದಿದ್ದನ್ನೇ ಮತ್ತೆ ಮತ್ತೆ ಓದಿಸಿದ್ದು?"

"ಮೇಡಂ, ನಾನು…"

"ನಿಮಗೆ ಗೊತ್ತಿತ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ!"

ಅವನು ತಲೆ ತಗ್ಗಿಸಿದ.

"ಆ ಹಾಳೆ ಓದಿಸಿದ ದಿನ… ಗೊತ್ತಿತ್ತು."

ಅವಳು ಮುಂದೆ ಕೇಳಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಕಣ್ಣು ಮಂಜಾಯಿತು. ಮನೆಗೆ ಬಂದವಳು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು. ‘ನಾನು ಹೇಳಲಿಲ್ವಾ’ ಎಂದು ಅಕ್ಕ ಅನ್ನಲಿಲ್ಲ. ಸುಮ್ಮನೆ ತಲೆ ನೇವರಿಸಿದಳು.

ಆ ಇಡೀ ವಾರ ಅವಳು ಮಾತೇ ಆಡಲಿಲ್ಲ. ಬಾಯಿ ತೆರೆದರೆ ಹೊರಡುವ ದನಿ ತನ್ನದೋ ಆ ಯಂತ್ರದ್ದೋ ಎಂಬ ಭಯ. ಆದರೆ ಯಾವ ಕೆಲಸಕ್ಕೆ ಕುಳಿತರೂ ಆ ಬೀದಿಯ ಡಾಕ್ಟರು ನೆನಪಾಗುತ್ತಿದ್ದರು. ಎಲ್ಲರೂ ದೇವರೆಂದವನು, ತಾನೂ ಅದೇ ಬಸ್ಸಿಗೆ ಹೊರಟಿದ್ದೆ ಎಂದು ಗೆಳೆಯನ ಮುಂದೆ ಒಪ್ಪಿಕೊಂಡನಲ್ಲ! ಅದನ್ನು ಹೇಳದೆ ಇದ್ದಿದ್ದರೆ ದೇವರಾಗಿಯೇ ಉಳಿಯುತ್ತಿದ್ದ. ಗೆಳೆಯನನ್ನು ಉಳಿಸಿಕೊಳ್ಳಲು ದೇವರ ಪಟ್ಟವನ್ನೇ ಬಿಟ್ಟುಕೊಟ್ಟ…

‘ಗೊತ್ತಿತ್ತು’ ಎಂದು ಸೈಲೆನ್ಸ್ ಕೂಡ ಸುಳ್ಳು ಹೇಳದೆ ಒಪ್ಪಿಕೊಂಡನಲ್ಲವೇ?

ಛೇ! ಮತ್ತೆ ಅವನೇ!

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ತೆರೆದಳು. ಬಾಸ್!

"ಒಳಗೆ ಬರಬಹುದಾ?"

"ಬನ್ನಿ. ಕಾಫಿ ಮಾತ್ರ ಕೊಡಲ್ಲ," ಎಂದಳು ಅಕ್ಕ.

ಅವನು ಕುರ್ಚಿಯ ತುದಿಯಲ್ಲಿ ಕುಳಿತ. ಸೊರಗಿಹೋಗಿದ್ದ.

"ನಿಮ್ಮ ದನಿಯನ್ನ ಯಂತ್ರದಿಂದ ಪೂರ್ತಿ ಅಳಿಸಿದ್ದೀವಿ. ಅದನ್ನ ಕೊಳ್ಳೋಕೆ ಬಂದ ಕಂಪನಿಗೂ ಇಲ್ಲ ಅಂದೆ. ಆದ್ರೆ… ಇದು ನನ್ನ ದೊಡ್ಡತನ ಅಲ್ಲ. ಅವನು ಸ್ಟುಡಿಯೋದಲ್ಲಿದ್ದ ತನ್ನ ಪಾಲು ಬಿಟ್ಟುಕೊಟ್ಟ. ‘ಎಲ್ಲ ನೀನೇ ಇಟ್ಕೋ, ಅಡ ಇಟ್ಟಾದ್ರೂ ದುಡ್ಡು ಹೊಂದಿಸ್ಕೋ, ಅವರ ದನಿ ಅವರಿಗೆ ಕೊಡು’ ಅಂದ."

ಅವಳ ಉಸಿರು ನಿಂತಂತಾಯಿತು.

"ನನ್ನ ಮಗಳಿಗೆ ಆಪರೇಷನ್ ಆಗಬೇಕಿತ್ತು, ಕೈಲಿ ದುಡ್ಡಿರಲಿಲ್ಲ. ಕಂಪನಿಯವರು ಬಂದಿದ್ದು ಅದೇ ಸಮಯಕ್ಕೆ. ಅವನು ಮೊದಲು ಹ್ಞೂಂ ಅಂದಿದ್ದು ನನ್ನ ಮುಖ ನೋಡಿ. ಒಂದೇ ವಾರಕ್ಕೆ ಬಂದು ‘ಬೇಡ, ಇದು ತಪ್ಪು’ ಅಂದ. ‘ಆಯ್ತು, ಬಿಟ್ಟೆ’ ಅಂತ ನಾನೇ ಸುಳ್ಳು ಹೇಳಿದೆ. ಆಮೇಲೆ ನಡೆದದ್ದು ಅವನಿಗೆ ಗೊತ್ತಿಲ್ಲ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಬೈದು ಹೋಗಿದ್ರೆ ತಡ್ಕೊಳ್ತಿದ್ದೆ. ಹೋಗುವಾಗ ಮಗಳು ಹೇಗಿದಾಳೆ ಅಂತ ಕೇಳಿ ಹೋದ."

ಅಕ್ಕ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಅಡುಗೆಮನೆಯಿಂದ ಕಾಫಿಯ ವಾಸನೆ ಬಂತು.

"ಕೊನೆಯ ಅಧ್ಯಾಯ ನೀವೇ ಓದಬೇಕು," ಎಂದ ಬಾಸ್.

"ಯೋಚಿಸ್ತೀನಿ," ಎಂದಳು ಅವಳು. "ಅವರೀಗ ಎಲ್ಲಿದ್ದಾರೆ?"

ಅವಳು ಹೊರಡುವಾಗಲೂ ಅನುಮಾನ ಬಿಟ್ಟಿರಲಿಲ್ಲ. ಗೆಳೆಯರಿಬ್ಬರೂ ಕೂಡಿ ಆಡುತ್ತಿರುವ ಇನ್ನೊಂದು ನಾಟಕವಾಗಿದ್ದರೆ? ತನ್ನನ್ನು ಮತ್ತೆ ಮೈಕಿನ ಮುಂದೆ ಕೂರಿಸುವ ಉಪಾಯವಾಗಿದ್ದರೆ?

ಬಾಸ್ ಹೇಳಿದ ದೊಡ್ಡ ಸಭಾಂಗಣದಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಗಳಿಂದ ಓರೆಯಾಗಿ ಬೀಳುತ್ತಿತ್ತು. ಕೆಲಸಗಾರರು ಕುರ್ಚಿ ಜೋಡಿಸುತ್ತಿದ್ದರು. ಈಗ ಸಮಾರಂಭಗಳಿಗೆ ಮೈಕ್ ಕಟ್ಟುವ ಕೆಲಸ ಹಿಡಿದಿದ್ದ ಸೈಲೆನ್ಸ್ ವೇದಿಕೆಯ ಮೇಲೆ ಮಂಡಿಯೂರಿ ವೈರು ಎಳೆಯುತ್ತಿದ್ದ. ಅವಳನ್ನು ಕಂಡು ಎದ್ದವನ ಕೈಯಿಂದ ವೈರು ಜಾರಿತು.

"ನೀವು…!"

"ನಿಮ್ಮ ಪಾಲು ಬಿಟ್ಟುಕೊಟ್ರಂತೆ?"

"ಅವನು ಹೇಳಿದ್ನಾ? ಬಾಯಿಬಡುಕ."

"ಒಳ್ಳೆಯವರು ಅನ್ನಿಸ್ಕೊಳ್ಳೋಕೆ ಹಾಗೆ ಮಾಡಿದ್ರಾ?"

ಅವನಿಗೆ ಆ ಮಾತು ನಾಟಿತು. ಆದರೂ ಸಿಟ್ಟಾಗಲಿಲ್ಲ.

"ನಾನು ಒಳ್ಳೆಯವನಲ್ಲ ಮೇಡಂ. ‘ಯಾರದೋ ಒಂದು ದನಿ’ ಅಂತ ಅವನು ಹೇಳಿದಾಗ ಹ್ಞೂಂ ಅಂದವನೇ ನಾನು. ಆಮೇಲೆ ನೀವು ಬಂದ್ರಿ. ನನ್ನ ಮೇಲೆ ರೇಗಿದ್ರಿ. ಆಗ ಅದು ಯಾರದೋ ದನಿ ಆಗಿರಲಿಲ್ಲ… ನಿಮ್ಮ ಬದಲು ಬೇರೆ ಯಾರೋ ಬಂದಿದ್ರೆ, ಇವತ್ತಿಗೂ ನಾನು ಆ ಕೆಲಸ ಮಾಡ್ಕೊಂಡೇ ಇರ್ತಿದ್ನೇನೋ. ಇದರಲ್ಲಿ ನನ್ನ ಹಿರಿಮೆ ಏನಿದೆ?"

ಅವಳು ಅವನನ್ನೇ ನೋಡುತ್ತ ನಿಂತಳು. ಇಷ್ಟು ದಿನ ಈ ಮುಖದಲ್ಲಿ ಕಳ್ಳನನ್ನು ಹುಡುಕಿದ್ದಳು. ಸಿಕ್ಕವನು ತನ್ನ ತಪ್ಪನ್ನು ತಾನೇ ಎತ್ತಿ ಮುಂದಿಡುವ ಪೆದ್ದ!

"ಆ ಬೀದಿಯ ಡಾಕ್ಟರು ಇದ್ರಲ್ಲ," ಎಂದಳು ಮೆಲ್ಲಗೆ. "ಅವರ ಚಪ್ಪಲಿ ಕಿತ್ತುಹೋಗಿದ್ದು ಒಂದೇ ದಿನ. ಮಾರನೇ ದಿನವೂ ಬಸ್ಸಿತ್ತು."

ಅವನು ತಲೆಯೆತ್ತಿದ.

"ಮೂವತ್ತು ವರ್ಷ ದಿನಾ ಬಸ್ಸು ಬಂತು. ಅವರು ಹತ್ತಲಿಲ್ಲ. ಅದೂ ಆಕಸ್ಮಿಕನಾ? ಅದನ್ನ ಅವರೇ ಲೆಕ್ಕಕ್ಕೆ ತಗೊಂಡಿಲ್ಲ. ಓದೋ ನಾವಾದ್ರೂ ತಗೋಬೇಕಲ್ವಾ?"

ಅವನ ಕಣ್ಣು ತುಂಬಿ ಬಂತು. "ಎಷ್ಟು ಸಲ ಓದಿದ್ದೀನಿ ಆ ಪುಸ್ತಕ… ಇದು ಹೊಳೆದಿರಲಿಲ್ಲ."

"ಇನ್ನೊಂದು ಪ್ರಶ್ನೆ. ಓದಿದ್ದನ್ನೇ ಯಾಕೆ ಮತ್ತೆ ಮತ್ತೆ ಓದಿಸ್ತಿದ್ರಿ? ಹಾರನ್ನೂ ಇರಲಿಲ್ಲ, ಕುರ್ಚಿಯೂ ಕಿರ್ ಅನ್ನಲಿಲ್ಲ."

ಅವನು ಕತ್ತು ಕೆರೆದುಕೊಂಡ. "ಪುಸ್ತಕ ಮುಗಿದ್ರೆ ನೀವು ಬರೋದು ನಿಂತುಹೋಗುತ್ತಲ್ಲ ಅಂತ. ಆ ಹೆಚ್ಚುವರಿ ಪುಟಗಳೆಲ್ಲ ಯಂತ್ರದ ಹೊಟ್ಟೆಗೆ ಹೋಗ್ತಿದ್ದಾವೆ ಅಂತ ನನಗೇನು ಗೊತ್ತಿತ್ತು? ನಿಮ್ಮನ್ನ ಇಷ್ಟಪಟ್ಟು… ನಾನೇ ನಿಮಗೆ ಕೆಡುಕು ಮಾಡಿದೆ."

ಇಷ್ಟಪಟ್ಟು… ಇಷ್ಟಪಟ್ಟು… ಆ ಮಾತು ಸಭಾಂಗಣದ ನಾಲ್ಕೂ ಗೋಡೆಗಳಿಂದ ತಿರುಗಿ ಬಂತು!

ಇಬ್ಬರೂ ಗಾಬರಿಯಿಂದ ನೋಡಿದರು. ಅವನ ಮಗ್ಗುಲಲ್ಲೇ ನಿಲ್ಲಿಸಿದ್ದ ಮೈಕು ಯಾವಾಗಲೋ ಚಾಲೂ ಆಗಿತ್ತು. ಕುರ್ಚಿ ಜೋಡಿಸುವವರೆಲ್ಲ ಕೈಕಟ್ಟಿ ನಿಂತಿದ್ದರು.

"ಮುಂದೆ ಹೇಳಿ ಸಾರ್!" ಎಂದು ಅವರಲ್ಲಿ ಹಿರಿಯನೊಬ್ಬ ಕೂಗಿದ. "ನಾವು ಸೈಲೆನ್ಸಾಗಿದ್ದೀವಿ!"

ಅವನು ಮೈಕಿನ ಬಟನ್ ಹುಡುಕುತ್ತ ಎರಡು ಸ್ಟ್ಯಾಂಡು ಬೀಳಿಸಿದ. ಅವಳು ಮುಖ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ತನ್ನ ದನಿ ತನ್ನದೇ ಎನಿಸಿತು.

ಕೊನೆಗೂ ಮೈಕು ಆರಿತು. ಇಬ್ಬರೂ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತರು.

"ಕೊನೆಯ ಅಧ್ಯಾಯ ಓದ್ತೀನಿ," ಎಂದಳು. "ಆದ್ರೆ ಗಾಜಿನ ಆಚೆ ನೀವೇ ಇರಬೇಕು. ನಿಮ್ಮ ಗೆಳೆಯರ ಹತ್ರ ಒಂದು ಮಾತಾಡಿ. ಅವರೂ ಕಾಯ್ತಿದ್ದಾರೆ."

"ಮಾತಾಡ್ತೀನಿ. ಅವನ ಮೇಲೆ ಎಷ್ಟು ದಿನ ಅಂತ ಸಿಟ್ಟಾಗಿರಲಿ?"

"ನನ್ನ ದನಿ ನಿಜವಾಗ್ಲೂ ಅಳಿಸಿದ್ದೀರಿ ಅಂತ ನಾನು ಹೇಗೆ ನಂಬಲಿ?"

ಅವನು ಖಾಲಿ ಕೈಗಳನ್ನು ಚಾಚಿದ.

"ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಈಗಲೇ ನಂಬಬೇಡಿ. ಅನುಮಾನ ಪಡಿ. ದಿನಾ ಬಂದು ವಿಚಾರಣೆ ಮಾಡಿ. ನಾನು ಎಲ್ಲೂ ಓಡಿಹೋಗಲ್ಲ."

"ನಾನು ತುಂಬಾ ಅನುಮಾನದವಳು. ಅಕ್ಕನನ್ನ ಕೇಳಿ ಬೇಕಾದ್ರೆ."

"ಎಷ್ಟು ದಿನಕ್ಕಾಗೋಷ್ಟಿದೆ?"

ಅವಳು ತಲೆ ತಗ್ಗಿಸಿ ನಕ್ಕಳು. ನಡುವೆ ಇದ್ದ ವೈರಿನ ಸುರುಳಿಯನ್ನು ಪಕ್ಕಕ್ಕೆ ಸರಿಸಿ ಅವನ ಕೈಮೇಲೆ ಕೈಯಿಟ್ಟಳು.

"ಒಂದು ಜನ್ಮಕ್ಕಾಗೋಷ್ಟು…"